ಎಂಬತ್ತಪ್ಪನವರ ಶಿಷ್ಯವರ್ಗ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಬರೀ ಆರು ಪರ್ಸೆಂಟು. ಬೆಳಿಗ್ಗೆ ಮನೆ ಬಿಡುವಾಗ ನಕ್ಷೆಗಾರರ ಫೋನಿನಲ್ಲಿ ಇಪ್ಪತ್ತಾರು ಪರ್ಸೆಂಟ್ ಚಾರ್ಜ್ ಇತ್ತು. ಇಪ್ಪತ್ತಕ್ಕೆ ಇಳಿಯದೆ ಚಾರ್ಜಿಗೆ ಹಾಕುವುದಾಗಲಿ, ಎಂಬತ್ತು ದಾಟಿದರೂ ಕೀಳದೆ ಬಿಡುವುದಾಗಲಿ ಅವರ ಪಾಲಿಗೆ ಮಹಾಪರಾಧ. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮಿಕ್ಕವರಿಗೆಲ್ಲ ಅವರು ಎಂಬತ್ತಪ್ಪ.

"ಮಗಳನ್ನ ಒಳಗೆ ಕರ್ಕೊಂಡು ಹೋದ ತಕ್ಷಣ ಫೋನ್ ಮಾಡ್ತೀನಿ, ಓಡಿ ಬನ್ನಿ," ಎಂದಿದ್ದರು ಆಸ್ಪತ್ರೆಗೆ ಹೊರಟ ಹೆಂಡತಿ. "ಐದು ಗಂಟೆ ಆದ್ಮೇಲೆ ಹೆರಿಗೆ ವಾರ್ಡಿಗೆ ಗಂಡಸರನ್ನ ಬಿಡಲ್ಲ."

"ಬರದೆ ಇರ್ತೀನಾ? ಮೊಮ್ಮಗೂನ ಇವತ್ತೇ ನೋಡ್ಬೇಕು ಕಣೇ."

ಆದರೆ ಎಂಬತ್ತಪ್ಪನವರ ಸೋದರತ್ತೆಗೆ ತಾಳ್ಮೆಯಿಲ್ಲ. ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ "ಆಯ್ತೇನೋ?" ಎಂದು ಕೇಳುವರು, ಆಗಿಲ್ಲವೆಂದರೆ ತಮ್ಮ ನಾಲ್ಕು ಹೆರಿಗೆಗಳ ಕತೆಯನ್ನೂ ಹೇಳುವರು. ಹನ್ನೊಂದು ಗಂಟೆಗೆ ಚಾರ್ಜ್ ಇಪ್ಪತ್ತಕ್ಕೆ ಬಂತು. ಎಂಬತ್ತಪ್ಪನವರು ನೆಮ್ಮದಿಯಿಂದ ಕಿಟಕಿ ಪಕ್ಕದ ಪ್ಲಗ್ಗಿಗೆ ಫೋನ್ ಸಿಕ್ಕಿಸಿ, ಸಾಹೇಬರಿಗೆ ನಕ್ಷೆ ತೋರಿಸಲು ಒಳಗೆ ಹೋದರು.

ಬಂದು ನೋಡಿದರೆ ಫೋನ್ ನೀರಿನ ಹೂಜಿಯ ಪಕ್ಕದಲ್ಲಿ ಮಲಗಿತ್ತು.

"ಬಿಸಿಲಿಗೆ ಕಾದುಹೋಗಿತ್ತು ಸರ್, ಕಿತ್ತುಬಿಟ್ಟೆ," ಎಂದಳು ಟೈಪಿಸ್ಟ್. "ಬಿಸಿ ಆದ್ರೆ ಬ್ಯಾಟರಿ ಆಯಸ್ಸು ಕಮ್ಮಿ ಅಂತ ನೀವೇ ಹೇಳಿದ್ದಲ್ವಾ? ನಿಮ್ಮ ದಯದಿಂದ ನನ್ನ ಫೋನ್ ಐದು ವರ್ಷದಿಂದ ಗಟ್ಟಿಯಾಗಿದೆ. ಇಷ್ಟಾದ್ರೂ ಮಾಡ್ಬೇಡ್ವಾ?"

ಅವಳ ಕಣ್ಣಲ್ಲಿದ್ದ ಕೃತಜ್ಞತೆ ನೋಡಿ ಅವರಿಗೆ ಬೈಯಲು ಬಾಯಿ ಬರಲಿಲ್ಲ. "ಒಳ್ಳೇದಾಯ್ತಮ್ಮ," ಎಂದು ನೆರಳಿನಲ್ಲಿದ್ದ ಇನ್ನೊಂದು ಪ್ಲಗ್ಗಿಗೆ ಹಾಕಿ ಊಟಕ್ಕೆ ಹೋದರು.

ವಾಪಸು ಬರುವಷ್ಟರಲ್ಲಿ ಹೆಡ್ ಕ್ಲರ್ಕ್ ಫೋನಿನ ಕವರ್ ಬಿಚ್ಚಿ, ವೈರನ್ನು ನೀಟಾಗಿ ಸುತ್ತಿ, ಎಲ್ಲವನ್ನೂ ಡ್ರಾಯರಿನಲ್ಲಿಟ್ಟಿದ್ದರು. "ಕವರ್ ಸಮೇತ ಚಾರ್ಜಿಗೆ ಹಾಕಿದ್ರಲ್ಲ ಸ್ವಾಮಿ! ಪಾಪ, ಮಗಳ ಚಿಂತೇಲಿ ಮರೆತಿದ್ದೀರಿ. ನಾವೆಲ್ಲ ಇದ್ದೀವಿ, ಹೆದರ್ಬೇಡಿ."

ಫೋನಿನಲ್ಲಿ ಒಂಬತ್ತು ಪರ್ಸೆಂಟ್ ಉಳಿದಿತ್ತು. ಮತ್ತೆ ಪ್ಲಗ್ಗಿಗೆ ಹಾಕಲು ಹೋದರೆ ಕರೆಂಟು ಹೋಯಿತು. ಮೂರೂವರೆಗೆ, ಸೋದರತ್ತೆಯ ಮೂರನೇ ಹೆರಿಗೆಯ ನಡುವೆ, ಫೋನ್ ಕಣ್ಣು ಮುಚ್ಚಿತು.

"ನನ್ನ ಫೋನಿಂದ ಮಾಡಿ ಸರ್!" ಎಂದು ಟೈಪಿಸ್ಟ್ ಓಡಿ ಬಂದಳು. ಹೆಂಡತಿಯ ನಂಬರ್ ಯಾರಿಗೆ ನೆನಪಿರುತ್ತದೆ? ಹುಡುಕಾಡಿ ಹುಡುಕಾಡಿ ಕೊನೆಗೆ ಗುರುತಿನ ಚೀಟಿಯ ಹಿಂದೆ ಸಿಕ್ಕಿತು. ಅಷ್ಟರಲ್ಲಿ ನಾಲ್ಕೂವರೆ. ಕರೆ ಮಾಡಿದರೆ, ಸ್ವಿಚ್ ಆಫ್.

ಎಂಬತ್ತಪ್ಪನವರು ಬಾಗಿಲ ಕಡೆ ಓಡಿದರು. ಏನಾದರೂ ಹೆಚ್ಚುಕಮ್ಮಿ ಆಯಿತೇ? ಹೆಡ್ ಕ್ಲರ್ಕ್ ತಕ್ಷಣ ಸ್ಕೂಟರ್ ಹೊರತೆಗೆದರು. ಅದು ದಾರಿಯಲ್ಲಿ ಎರಡು ಸಲ ನಿಂತಾಗ ಎರಡು ಸಲವೂ ಅವರೇ ಇಳಿದು ತಳ್ಳಿದರು. ಇಂಥ ಸಹೋದ್ಯೋಗಿಗಳು ಯಾರಿಗೆ ಸಿಗುತ್ತಾರೆ ಎಂದುಕೊಂಡರು ಎಂಬತ್ತಪ್ಪನವರು.

ಆಸ್ಪತ್ರೆ ತಲುಪಿದಾಗ ಐದು ಗಂಟೆ ಐದು ನಿಮಿಷ. ವಾರ್ಡಿನ ಬಾಗಿಲು ಮುಚ್ಚಿತ್ತು. ಹೊರಗಿನ ಬೆಂಚಿನಲ್ಲಿ ಹೆಂಡತಿ ನಗುತ್ತ ಕೂತಿದ್ದರು.

"ಹೆಣ್ಣು ಮಗು ರೀ! ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ."

ಎಂಬತ್ತಪ್ಪನವರು ಬೆಂಚಿನ ಮೇಲೆ ಕುಸಿದು ಚಿಕ್ಕ ಮಗುವಿನ ಹಾಗೆ ಅತ್ತರು. ಡಾಕ್ಟರಿಗೆ, ದೇವರಿಗೆ, ಹೆಡ್ ಕ್ಲರ್ಕಿಗೆ, ಅವರ ಸ್ಕೂಟರಿಗೂ ಕೈ ಮುಗಿದರು. ಇನ್ನೇನೂ ಬೇಡ ಅನ್ನಿಸಿತು. ಆಮೇಲೆ ನೆನಪಾಯಿತು.

"ಅಲ್ಲ ಕಣೇ, ಫೋನ್ ಯಾಕೆ ಆಫ್ ಮಾಡಿದ್ದೆ?"

"ನಿಮಗೆ ಹನ್ನೊಂದು ಸಲ ಮಾಡಿ ಮಾಡಿ ಚಾರ್ಜ್ ಇಪ್ಪತ್ತಕ್ಕೆ ಬಂತು. ಆಫ್ ಮಾಡಿ ಇಟ್ಕೊಂಡಿದ್ದೆ, ಪ್ಲಗ್ ಖಾಲಿಯಾಗಿದ್ದು ಈಗಷ್ಟೇ. ಆಫ್ ಮಾಡಿ ಚಾರ್ಜಿಗೆ ಹಾಕಿದ್ರೆ ಬ್ಯಾಟರಿಗೆ ಒಳ್ಳೇದು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ? ನಿಮ್ಮ ಮಾತು ಯಾವತ್ತಾದ್ರೂ ಮೀರಿದ್ದೀನಾ?"

"ಇಲ್ಲ, ಇಲ್ಲ. ಹೋಗ್ಲಿ, ಮಗೂನ ಫೋಟೋ ತೆಗ್ದಿದ್ದೀಯಾ?"

"ತೆಗೀದೆ ಇರ್ತೀನಾ? ಆಫ್ ಮಾಡೋಕೆ ಮುಂಚೆ ಹತ್ತು ತೆಗ್ದೆ. ಮೂಗು ಥೇಟ್ ನಿಮ್ಮದೇ!"

"ಎಲ್ಲಿ, ಬೇಗ ತೋರ್ಸೇ!"

ಹೆಂಡತಿ ಗೋಡೆಯ ಪ್ಲಗ್ಗಿನ ಮುಂದೆ ಅಡ್ಡ ನಿಂತರು.

"ಸ್ವಲ್ಪ ತಡ್ಕೊಳ್ಳಿ. ಎಂಬತ್ತಾಗ್ಲಿ."

"ಈಗ ಎಷ್ಟಿದೆ?"

"ಇಪ್ಪತ್ತೆರಡು."