ಮಾರ್ಕ್ಸ್ ಇಲ್ಲದ ಶಾಲೆಯೂ ನನ್ನ ಪೆನ್ನೂ

ನನ್ನ ಇಬ್ಬರು ಮಕ್ಕಳೂ ಅಂತರರಾಷ್ಟ್ರೀಯ ಶಾಲೆಯಲ್ಲಿ ಓದುತ್ತಾರೆ ಎಂದು ಹೇಳುವಾಗ ನನ್ನ ಎದೆ ಒಂದೂವರೆ ಇಂಚು ಹಿಗ್ಗುತ್ತದೆ. (ಸುಮ್ಮನೆ ಹೇಳುತ್ತಿಲ್ಲ. ದರ್ಜಿ ಅಳತೆ ತೆಗೆಯುವಾಗ ಈ ವಿಷಯ ಎತ್ತಿಬಿಟ್ಟಿದ್ದೆ, ಆ ಅಂಗಿ ಇವತ್ತಿಗೂ ದೊಗಲೆ.) ಆದರೆ ಕೇಳಿದವರ ಮುಂದಿನ ಪ್ರಶ್ನೆ ಬಂದ ತಕ್ಷಣ ಅದೇ ಎದೆ ಪುಸ್ಸೆಂದು ಇಳಿದುಹೋಗುತ್ತದೆ. "ಎಷ್ಟನೇ ರ‍್ಯಾಂಕು?"

ಏನೆಂದು ಹೇಳಲಿ? ಆ ಶಾಲೆಯಲ್ಲಿ ರ‍್ಯಾಂಕೇ ಇಲ್ಲ. ಕೊನೆಯ ವರ್ಷ ಒಂದು ಮಹಾಪರೀಕ್ಷೆ ಇದೆಯಂತೆ, ಅಲ್ಲಿಯತನಕ ಎಲ್ಲ ಮಕ್ಕಳೂ ಆರಂಭ, ಬೆಳವಣಿಗೆ, ಸಾಮರ್ಥ್ಯ, ವಿಸ್ತಾರ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲೋ ಒಂದು ಕಡೆ ನಿಂತಿರುತ್ತಾರೆ. ಶಿಶುವಿಹಾರದಲ್ಲಿ ಆಟ, ಪ್ರಾಥಮಿಕದಲ್ಲಿ ಪ್ರಶ್ನೆ, ಮಾಧ್ಯಮಿಕದಲ್ಲಿ ಯೋಜನೆ, ಪ್ರೌಢದಲ್ಲಿ ಸಂಶೋಧನೆ. ಪಠ್ಯಕ್ರಮದ ಆ ನುಣ್ಣನೆ ಪುಸ್ತಿಕೆಯನ್ನು ನಾನು ಬಾಯಿಪಾಠ ಮಾಡಿದ್ದೇನೆ, ಆದರೆ ಅದರ ಯಾವ ಪುಟದಲ್ಲೂ ಒಂದು ಅಂಕಿಯೂ ಇಲ್ಲ. (ಪುಟಸಂಖ್ಯೆ ಬಿಟ್ಟು.)

ಇದು ನನ್ನಂಥವನಿಗೆ ಎಂಥ ಹಿಂಸೆ ಎಂದು ತಿಳಿಯಬೇಕಾದರೆ ನನ್ನ ಕೆಲಸ ಏನೆಂದು ಹೇಳಬೇಕು. ನಾನು ವಾಹನ ಚಾಲನಾ ಪರವಾನಗಿ ಕೊಡುವ ಕಚೇರಿಯಲ್ಲಿ ಇನ್‌ಸ್ಪೆಕ್ಟರ್. ಕಾರು ಕಲಿತವರು ನನ್ನೆದುರು ಕಂಬಗಳ ನಡುವೆ ಹಿಂದಕ್ಕೆ ಓಡಿಸುತ್ತಾರೆ, ಕಂಬಕ್ಕೆ ತಾಗಿದರೆ ಫೇಲ್, ತಾಗದಿದ್ದರೆ ಪಾಸ್. ಕಂಬಕ್ಕೆ ತಾಗಿದವನು 'ಬೆಳವಣಿಗೆಯ ಹಂತದಲ್ಲಿದ್ದಾನೆ' ಎಂದು ಬರೆಯಲು ನನ್ನ ಫಾರಂನಲ್ಲಿ ಜಾಗವಿಲ್ಲ. ಹತ್ತೊಂಬತ್ತು ವರ್ಷದಿಂದ ಒಂದು ರಟ್ಟಿನ ಹಲಗೆ, ಒಂದು ಪೆನ್ನು, ಇಷ್ಟರಲ್ಲೇ ನಾನು ಲೋಕದ ನ್ಯಾಯ ತೀರ್ಮಾನ ಮಾಡಿಕೊಂಡು ಬಂದಿದ್ದೇನೆ. ಯೋಚಿಸುವಾಗ ಆ ಪೆನ್ನಿನ ತಲೆಯನ್ನು ಟಿಕ್ ಟಿಕ್ ಎಂದು ಒತ್ತುವುದೊಂದು ಚಾಳಿ ನನಗಿದೆ. ಯಾರಿಗೂ ತೊಂದರೆಯಿಲ್ಲದ ಚಾಳಿ ಎಂದು ತಿಳಿದುಕೊಂಡಿದ್ದೆ.

ನನ್ನ ನಿಷ್ಪಕ್ಷಪಾತ ಎಷ್ಟು ಉಗ್ರವಾದದ್ದೆಂದರೆ, ಒಂಬತ್ತು ವರ್ಷದ ಹಿಂದೆ ನನ್ನ ಹೆಂಡತಿಯನ್ನೇ ಫೇಲ್ ಮಾಡಿದ್ದೇನೆ. ಬೇರೆ ಇನ್‌ಸ್ಪೆಕ್ಟರರ ಕೈಯಲ್ಲಿ ಪರೀಕ್ಷೆ ಮಾಡಿಸಿದರೆ ಜನ ಏನಂದಾರು ಎಂದು ನಾನೇ ಹಲಗೆ ಹಿಡಿದು ನಿಂತೆ. ಮೂರನೆಯ ಕಂಬ ತಾಗಿತು. ಬರೆದೆ. ಅವತ್ತಿನಿಂದ ಅವಳು ಸ್ಟೀರಿಂಗ್ ಮುಟ್ಟಿರಲಿಲ್ಲ. ಈ ಪ್ರಸಂಗವನ್ನು ಕಚೇರಿಯಲ್ಲಿ ಹೊಸದಾಗಿ ಬಂದವರಿಗೆಲ್ಲ ಹೇಳುತ್ತೇನೆ, ಮನೆಯಲ್ಲಿ ಮಾತ್ರ ಹೇಳುವುದಿಲ್ಲ.

ಅಂದಹಾಗೆ ಮಕ್ಕಳಿಗೆ ಆ ಶಾಲೆಯಲ್ಲಿ ಸೀಟು ಸಿಕ್ಕಿದ್ದು ನನ್ನ ಘನತೆಯಿಂದಲ್ಲ, ಅವಳಿಂದಲೇ. ಅವಳು ಅಲ್ಲಿಯ ಗ್ರಂಥಪಾಲಕಿ. ದೊಡ್ಡವಳು ಹನ್ನೊಂದನೇ ತರಗತಿ, ಚಿಕ್ಕವ ಶಿಶುವಿಹಾರ. ಈಚೆಗೆ ಆರು ತಿಂಗಳಿಂದ ಪ್ರತಿ ಶನಿವಾರ ಪುಸ್ತಕ ಎಣಿಸುವುದಿದೆ ಎಂದು ತಾಯಿ, ಸಹಾಯಕ್ಕೆಂದು ಮಗಳು, ಇಬ್ಬರೂ ಶಾಲೆಗೆ ಹೋಗುತ್ತಿದ್ದರು. "ಅಷ್ಟೊಂದು ಪುಸ್ತಕ ಇದೆಯೇನೇ?" ಎಂದು ಕೇಳಿದ್ದಕ್ಕೆ, "ಎಣಿಸಿದ್ಮೇಲೆ ಮಕ್ಕಳು ಜಾಗ ಬದಲಾಯಿಸಿಬಿಡ್ತಾರೆ ಕಣ್ರಿ, ಮತ್ತೆ ಮೊದಲಿಂದ," ಅಂದಿದ್ದಳು. ಪಾಪ ಅನ್ನಿಸಿ ಶನಿವಾರದ ಅಡುಗೆ ನಾನೇ ಮಾಡತೊಡಗಿದ್ದೆ.

ನಮ್ಮ ಹೆಡ್ ಗುಮಾಸ್ತರ ಮಗ ಬೇರೆ ಶಾಲೆ. ಅವನ ಮಾರ್ಕ್ಸ್ ತೊಂಬತ್ತೆಂಟಕ್ಕಿಂತ ಕೆಳಗೆ ಇಳಿದ ಚರಿತ್ರೆಯಿಲ್ಲ. "ನಿಮ್ಮ ಮಗಳದು ಎಷ್ಟು ಬಂತು ಸಾರ್?" ಎಂದು ಅವರು ದಿನಾ ಕೇಳುತ್ತಾರೆ. ಕೇಳಿ ಕೇಳಿ ನನ್ನ ಸಹನೆ ಕೆಟ್ಟು, ಮೊನ್ನೆ ಇಡೀ ಕಚೇರಿ ಕೇಳುವಂತೆ ಶಪಥ ಮಾಡಿಬಿಟ್ಟೆ. "ನಾಡಿದ್ದು ಶಾಲೇಲಿ ಮಕ್ಕಳೇ ತಮ್ಮ ಕಲಿಕೆ ತೋರಿಸೋ ದಿನ. ದೊಡ್ಡವಳು ಒಂದು ವರ್ಷ ಕೂತು ಸಂಶೋಧನಾ ಪ್ರಬಂಧ ಬರೆದಿದಾಳೆ. ಅದರ ಮಾರ್ಕ್ಸ್ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ, ನೋಡ್ತಿರಿ." ಗುಮಾಸ್ತರು ಕನ್ನಡಕ ಒರೆಸಿಕೊಂಡು ಸಣ್ಣಗೆ ನಕ್ಕರು. ಆ ನಗು ಯಾಕೋ ಸರಿಯಿಲ್ಲ ಅನ್ನಿಸಿತು.

ಆ ದಿನ ಶಾಲೆಯ ಬಾಗಿಲಲ್ಲೇ ದೊಡ್ಡವಳು ನನ್ನ ಕೈಗೆ ಒಂದು ಹಳದಿ ಕಾರ್ಡು ಕೊಟ್ಟಳು.

"ಅಪ್ಪಾ, ಇವತ್ತು ನೀನು ಮೂರೇ ಪ್ರಶ್ನೆ ಕೇಳ್ಬೋದು. ಏನು ಕಲಿತೆ, ಹೇಗೆ ಕಲಿತೆ, ಇನ್ನೇನು ಕಲೀಬೇಕು ಅಂತಿದೀಯ. ಅಷ್ಟೇ. ತಿದ್ದೋ ಹಾಗಿಲ್ಲ."

"ಎಷ್ಟು ಮಾರ್ಕ್ಸು ಅನ್ನೋದು?"

"ಅದು ಕಾರ್ಡಲ್ಲಿಲ್ಲ."

"ನಾಲ್ಕನೇದಾಗಿ ಬರ್ಕೊಂಡ್ರೆ?"

"ರೀ, ಪೆನ್ನು ಜೇಬಿಗಿಡಿ," ಎಂದಳು ಹೆಂಡತಿ.

ಮೊದಲು ಶಿಶುವಿಹಾರ. ಅಲ್ಲಿ ಪಾಠವೆಲ್ಲ ಆಟದಲ್ಲೇ. ಒಂದು ಮೂಲೆಯಲ್ಲಿ ಅಂಗಡಿ, ಒಂದು ಮೂಲೆಯಲ್ಲಿ ಆಸ್ಪತ್ರೆ, ಕಿಟಕಿಯ ಹತ್ತಿರ ಸಾಲಾಗಿ ಪುಟ್ಟ ಕುರ್ಚಿಗಳು. ನಮ್ಮ ಚಿಕ್ಕವ ಆ ಕುರ್ಚಿಗಳ ಪಕ್ಕ ಒಂದು ರಟ್ಟು ಹಿಡಿದು, ಹುಬ್ಬು ಗಂಟಿಕ್ಕಿ ನಿಂತಿದ್ದ. ಒಂದೊಂದು ಮಗುವೂ ಬಂದು ಕುರ್ಚಿಯ ಮೇಲೆ ಕೂತು, ತಟ್ಟೆಯೊಂದನ್ನು ಸ್ಟೀರಿಂಗ್ ಮಾಡಿಕೊಂಡು ಬ್ರೂಂ ಎನ್ನುತ್ತಿತ್ತು. ಇವನು ಖಾಲಿ ಪೆನ್ನನ್ನು ಟಿಕ್ ಎನ್ನಿಸಿ, "ಫೇಲು. ಮುಂದಿನವರು ಬನ್ನಿ," ಎನ್ನುತ್ತಿದ್ದ. ಆಗಲೇ ಏಳು ಮಕ್ಕಳು ಫೇಲಾಗಿ ಗೋಡೆಗೆ ಒರಗಿ ಕೂತಿದ್ದವು. ಎರಡು ಅಳುತ್ತಿದ್ದವು.

"ಅವನಿಗೆ ಗಮನಿಸೋ ಶಕ್ತಿ ತುಂಬಾ ಚೆನ್ನಾಗಿದೆ," ಎಂದರು ಅವನ ಟೀಚರ್, ಬಹಳ ಎಚ್ಚರಿಕೆಯಿಂದ. "ಮನೇಲಿ ಯಾರನ್ನೋ ತುಂಬಾ ಹತ್ತಿರದಿಂದ ನೋಡಿದಾನೆ ಅನ್ಸುತ್ತೆ."

ನನಗೆ ಎದೆ ಉಬ್ಬಿತು. ನಾಲ್ಕು ವರ್ಷಕ್ಕೇ ವೃತ್ತಿಯ ಗಾಂಭೀರ್ಯ. ಹೆಂಡತಿ ಮಾತ್ರ ಛಾವಣಿ ನೋಡುತ್ತಿದ್ದಳು.

ಆಮೇಲೆ ಗ್ರಂಥಾಲಯ. ಅಲ್ಲಿ ಪ್ರೌಢ ವಿಭಾಗದವರ ಸಂಶೋಧನಾ ಮಂಡನೆ. ಕಪಾಟುಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿದ್ದರು, ಪೋಷಕರು ಕಿಕ್ಕಿರಿದಿದ್ದರು. ನಾನು ಮೊದಲ ಸಾಲಿನಲ್ಲೇ ಜಾಗ ಹಿಡಿದೆ. ದೊಡ್ಡವಳು ಪರದೆಯ ಮುಂದೆ ನಿಂತಳು. ನನ್ನ ಸೊಂಟದೆತ್ತರ ಇದ್ದ ಹುಡುಗಿ ಯಾವಾಗ ಇಷ್ಟು ಬೆಳೆದಳು ಅನ್ನಿಸಿತು. ಪರದೆಯ ಮೇಲೆ ಅವಳ ಪ್ರಶ್ನೆ ಮೂಡಿತು: ತಪ್ಪು ಮಾಡುವ ಭಯ ಇಲ್ಲದಿದ್ದರೆ ದೊಡ್ಡವರೂ ಬೇಗ ಕಲಿಯುತ್ತಾರೆಯೇ?

"ಇದಕ್ಕಾಗಿ ನಾನು ಚಾಲನಾ ಪರವಾನಗಿ ಕಚೇರಿಯ ಬೆಂಚಿನ ಮೇಲೆ ಇಪ್ಪತ್ತಾರು ದಿನ ಕೂತೆ," ಎಂದಳು.

ನಾನು ಪಕ್ಕದವರ ಕಡೆ ತಿರುಗಿ ತಲೆಯಾಡಿಸಿದೆ. ಹೌದು, ರಜೆಯಲ್ಲಿ ಒಂದು ತಿಂಗಳು ದಿನಾ ನನಗೆ ಊಟದ ಡಬ್ಬಿ ತಂದುಕೊಟ್ಟು, ಅಲ್ಲೇ ಬೆಂಚಿನ ಮೇಲೆ ಕೂತು ನಾನು ಕೆಲಸ ಮಾಡುವುದನ್ನು ನೋಡುತ್ತಿದ್ದಳು. ತಂದೆಯ ಮೇಲೆ ಎಷ್ಟು ಪ್ರೀತಿ ಎಂದು ಆಗ ಕರಗಿಹೋಗಿದ್ದೆ.

"ಅಲ್ಲಿ ಇಬ್ಬರು ಇನ್‌ಸ್ಪೆಕ್ಟರುಗಳು. ಹೆಸರು ಬೇಡ, ಮೊದಲನೆಯವರು, ಎರಡನೆಯವರು ಅಂತ ಕರೀತೀನಿ. ಎರಡನೆಯವರ ಹತ್ತಿರ ಹತ್ತು ಜನ ಬಂದರೆ ಮೂರು ಜನ ಫೇಲು. ಮೊದಲನೆಯವರ ಹತ್ತಿರ ಹತ್ತಕ್ಕೆ ಏಳು. ಜನ ಅದೇ ಥರದವರು, ಕಂಬ ಅವೇ. ವ್ಯತ್ಯಾಸ ಒಂದೇ. ಮೊದಲನೆಯವರು ಪಕ್ಕದಲ್ಲಿ ನಿಂತು ಒಂದು ಸದ್ದು ಮಾಡ್ತಾರೆ. ಆ ಸದ್ದು ಕೇಳಿದ ತಕ್ಷಣ ಓಡಿಸೋರ ಕೈ ನಡುಗುತ್ತೆ, ಕಾರು ಕಂಬಕ್ಕೆ ತಾಗುತ್ತೆ."

ನಮ್ಮ ಕಚೇರಿಯ ಆ ಇನ್ನೊಬ್ಬ ಮಹಾಶಯನಿಗೆ ಗಂಟಲು ಕೆರೆಯುವ ಅಭ್ಯಾಸವಿದೆ. ಅವನೇ ಎಂದು ನನಗೆ ತಕ್ಷಣ ಹೊಳೆಯಿತು. ಕಾರ್ಡು, ಮೂರು ಪ್ರಶ್ನೆ ಎಲ್ಲ ಮರೆತು ಎದ್ದುನಿಂತೆ.

"ಶಹಬ್ಬಾಸ್ ಮಗಳೇ. ಇಂಥ ಇನ್‌ಸ್ಪೆಕ್ಟರಿಗೆ ಮೊದಲು ಬುದ್ಧಿ ಕಲಿಸಬೇಕು. ಪಾಪ, ಕಲಿಯೋಕೆ ಬಂದವರನ್ನ ಹೆದರಿಸೋದು ಎಂಥ ಕೆಲಸ," ಎಂದು ಭಾಷಣ ಶುರುಮಾಡಿ, ಮುಂದಿನ ವಾಕ್ಯಕ್ಕೆ ಯೋಚಿಸುತ್ತ ನಿಂತೆ.

ಟಿಕ್. ಟಿಕ್. ಟಿಕ್.

ನೂರಾರು ಕಣ್ಣುಗಳು ನನ್ನ ಬಲಗೈ ನೋಡುತ್ತಿದ್ದವು. ನಾನೂ ನೋಡಿದೆ. ಪೆನ್ನು ಯಾವಾಗ ಜೇಬಿನಿಂದ ಹೊರಗೆ ಬಂದಿತ್ತೋ ದೇವರಿಗೇ ಗೊತ್ತು. ಹಿಂದಿನ ಸಾಲಿನಲ್ಲಿ ಶಾಲೆಯ ಬಸ್ಸು ಓಡಿಸುವ ಅಕ್ಕ (ಎರಡು ಸಲ ನನ್ನ ಕೈಯಲ್ಲಿ ಫೇಲಾದವಳು) ಕಿಸಕ್ಕೆಂದಳು. ಆಮೇಲೆ ಇಡೀ ಸಭೆ ನಕ್ಕಿತು.

"ಕೂತ್ಕೋ ಅಪ್ಪಾ, ಇನ್ನೂ ಎರಡನೇ ಭಾಗ ಇದೆ," ಎಂದಳು ಮಗಳು. ನಾನು ಕೂತೆ. ಕೂತೆ ಅನ್ನುವುದಕ್ಕಿಂತ ಕುಸಿದೆ.

ಎರಡನೇ ಭಾಗ ಪ್ರಯೋಗ. ಒಂಬತ್ತು ವರ್ಷದ ಹಿಂದೆ ಆ ಮೊದಲನೆಯವರ ಕೈಯಲ್ಲಿ ಫೇಲಾದ ಒಬ್ಬ ಮಹಿಳೆಗೆ ಇವಳು ತನ್ನ ಶಾಲೆಯ ಪಠ್ಯಕ್ರಮದ ಪ್ರಕಾರವೇ ಕಾರು ಕಲಿಸಿದ್ದಾಳೆ. ಮೊದಲ ತಿಂಗಳು ಶಿಶುವಿಹಾರ: ಶಾಲೆಯ ಮೈದಾನದಲ್ಲಿ ನಿಂತ ಕಾರಿನೊಳಗೆ ಕೂತು ಬರೀ ಹಾರ್ನು, ದೀಪ, ವೈಪರ್, ಮನಸ್ಸಿಗೆ ಬಂದಷ್ಟು ಆಟ. ಆಮೇಲೆ ಪ್ರಾಥಮಿಕ: ಹಿಂದಕ್ಕೆ ಹೋಗುವಾಗ ಮೂತಿ ಯಾಕೆ ಆ ಕಡೆ ತಿರುಗುತ್ತೆ, ಬ್ರೇಕು ಎಷ್ಟು ಒತ್ತಿದರೆ ಸಾಕು, ಬರೀ ಪ್ರಶ್ನೆ. ಮಾಧ್ಯಮಿಕದಲ್ಲಿ ಆಕೆಯೇ ಮೈದಾನದಲ್ಲಿ ಬಿಳಿಪುಡಿಯಿಂದ ದಾರಿ ಬರೆದು, ಕಂಬ ನೆಟ್ಟು, ಓಡಿಸಿ, ತಪ್ಪಿದರೆ ತಾನೇ ಕಾರಣ ಹುಡುಕಿದ್ದು. ಪ್ರೌಢದಲ್ಲಿ ನಿಜವಾದ ರಸ್ತೆ. ಪಕ್ಕದ ಸೀಟಿನಲ್ಲಿ ಬಸ್ಸಿನ ಅಕ್ಕ, ಹಿಂದಿನ ಸೀಟಿನಲ್ಲಿ ನೋಟ್‌ಬುಕ್ ಹಿಡಿದ ಇವಳು. ಒಟ್ಟು ಇಪ್ಪತ್ತನಾಲ್ಕು ಶನಿವಾರ.

ಶನಿವಾರ ಎಂದಾಗ ನನ್ನ ಕಿವಿ ನಿಮಿರಿತು.

"ಹೋದ ಬುಧವಾರ, ಮೊದಲನೆಯವರು ಲಾರಿ ಪರೀಕ್ಷೆಯ ಮೈದಾನಕ್ಕೆ ಹೋಗಿದ್ದಾಗ, ಆಕೆ ಎರಡನೆಯವರ ಮುಂದೆ ಪರೀಕ್ಷೆ ಕೊಟ್ಟರು. ಒಂದು ಕಂಬಕ್ಕೂ ತಾಗಲಿಲ್ಲ. ಅಮ್ಮಾ, ಏಳು."

ನನ್ನ ಪಕ್ಕದಲ್ಲಿದ್ದ ಹೆಂಡತಿ ಎದ್ದುನಿಂತಳು. ಪರ್ಸಿನಿಂದ ಪರವಾನಗಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಫೋಟೋದಲ್ಲೂ ನಗುತ್ತಿದ್ದಳು. ನಮ್ಮ ಕಚೇರಿಯ ಕ್ಯಾಮೆರಾದ ಮುಂದೆ ನಕ್ಕವರನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಜನ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಂಗೈ ಕೆಂಪಾಗುವಷ್ಟು. ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ, ದೊಗಲೆ ಅಂಗಿಯೂ ಬಿಗಿಯಾಗುವಷ್ಟು. ಆದರೆ ಒಂಬತ್ತು ವರ್ಷ ಇವಳು ಕೈಚೀಲ ಹಿಡಿದು ಬಸ್ಸಿಗೆ ಕಾದಿದ್ದಳು, ನಾನು ಅದೇ ಒಂಬತ್ತು ವರ್ಷ ಅವಳು ಫೇಲಾದ ಕಥೆ ಹೇಳಿ ಹೊಗಳಿಸಿಕೊಂಡಿದ್ದೆ. ಒಂದು ಟಿಕ್ಕಿಗೆ ಇಷ್ಟು ಬೆಲೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹಳದಿ ಕಾರ್ಡು ನೋಡಿಕೊಂಡು, ನನ್ನ ಹಕ್ಕಿನ ಕೊನೆಯ ಪ್ರಶ್ನೆಯನ್ನು ಹೆಂಡತಿಗೇ ಕೇಳಿದೆ.

"ಇನ್ನೇನು ಕಲೀಬೇಕು ಅಂತಿದೀಯ?"

"ಹೆದ್ದಾರಿ," ಎಂದು ಕೈಚಾಚಿದಳು. "ಕೀ ಕೊಡಿ."

ಮನೆಗೆ ಬರುವಾಗ ಅವಳು ಓಡಿಸಿದಳು. ನಾನು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತಿದೆ. ಕೈ ತಾನಾಗಿಯೇ ಜೇಬಿನ ಕಡೆ ಹೋಗುತ್ತಿತ್ತು. ಹಿಂದಿನಿಂದ ಚಿಕ್ಕವ, "ಅಪ್ಪಾ, ಪೆನ್ನು ಕೊಡು," ಎಂದು ಅದನ್ನೂ ಕಿತ್ತುಕೊಂಡ. ಮನೆಯ ಮುಂದೆ ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ಒಂದೇ ಸಲಕ್ಕೆ ಹಿಂದಕ್ಕೆ ಹಾಕಿ ನಿಲ್ಲಿಸಿದಳು. ಅಲ್ಲಿ ನಿಲ್ಲಿಸಲು ನನಗೆ ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ. (ಇದನ್ನು ದಯವಿಟ್ಟು ನಮ್ಮ ಕಚೇರಿಯಲ್ಲಿ ಯಾರಿಗೂ ಹೇಳಬೇಡಿ.)

"ನನಗೆ ಯಾವ ಮೆಟ್ಟಿಲಮ್ಮಾ?" ಎಂದು ಇಳಿಯುವಾಗ ಮಗಳನ್ನು ಕೇಳಿದೆ.

"ಆರಂಭ," ಎಂದಳು. "ಬೇಜಾರು ಮಾಡ್ಕೋಬೇಡ ಅಪ್ಪಾ, ಎಲ್ಲರೂ ಅಲ್ಲಿಂದಲೇ ಶುರು."

ಮರುದಿನ ಕಚೇರಿಗೆ ಕಾಲಿಡುವಷ್ಟರಲ್ಲಿ ಹೆಡ್ ಗುಮಾಸ್ತರು ತಮ್ಮ ಮೇಜನ್ನು ಖಾಲಿ ಮಾಡಿಕೊಂಡು ಕೂತಿದ್ದರು, ನಾನು ಇಡುವ ಮಾರ್ಕ್ಸಿಗೆ ಜಾಗ ಬೇಕಲ್ಲ. ಹೋದ ಬುಧವಾರದ ಪರವಾನಗಿಗೆ ಮುದ್ರೆ ಒತ್ತಿದವರು ಅವರೇ ಎಂಬುದು ನನಗೆ ಆಗ ಹೊಳೆಯಿತು. ಆ ಸಣ್ಣ ನಗುವಿನ ಅರ್ಥವೂ ಹೊಳೆಯಿತು.

"ಏನ್ ಸಾರ್, ಮಾರ್ಕ್ಸು?"

"ಮಾರ್ಕ್ಸ್ ಇಲ್ಲ," ಎಂದೆ, ಎದೆ ಸೆಟೆಸಿ. "ಆದರೆ ನಮ್ಮನೇಲಿ ಒಬ್ಬರು ಪಾಸಾಗಿದಾರೆ."

ಗುಮಾಸ್ತರು ರಿಜಿಸ್ಟರು ತೆರೆದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. ಕಚೇರಿಯೆಲ್ಲ ಕಿವಿಯಾಗಿತ್ತು.

"ಪಾಸಾಗಿದಾರೆ, ನಿಜ. ಆದ್ರೆ ಇದು ಎರಡನೇ ಸಲ ಅಂತ ಬರೆದಿದೆ ಸಾರ್. ಮೊದಲನೇ ಸಲ ಫೇಲು."

"ಹೌದು," ಎಂದೆ. "ಮೊದಲನೇ ಸಲ ಫೇಲಾಗಿದ್ದು ಇನ್‌ಸ್ಪೆಕ್ಟರು. ಹಾಗಂತ ತಿದ್ಕೊಳ್ಳಿ."