ಕಡಿಮೆಯಾಗಿದೆ ಎನ್ನಲು ಒಂದು ಇಂಗ್ಲಿಷ್ ಮಾತು

ಬರೆಯಬೇಕಾಗಿದ್ದದ್ದು ಒಂದೇ ಸಾಲು: 'ಈಚೆಗೆ ನಿಮ್ಮ ಆರ್ಡರುಗಳು ಕಡಿಮೆಯಾಗಿವೆ, ದಯವಿಟ್ಟು ಗಮನಿಸಿ.' ಆದರೆ ಇಂಗ್ಲಿಷಿನಲ್ಲಿ. ಕೊಡೆ ಕಾರ್ಖಾನೆಯಲ್ಲಿ ಪತ್ರ ಬರೆಯುವ ಗುಮಾಸ್ತ, ಎಲ್ಲರ ಬಾಯಲ್ಲಿ 'ನಿಘಂಟು', ಬೆಳಿಗ್ಗೆಯಿಂದ ಆ ಒಂದು 'ಕಡಿಮೆ'ಗಾಗಿ ತಲೆ ಕೆರೆದುಕೊಳ್ಳುತ್ತಿದ್ದ.

"ಕೊಳ್ಳೋರು ಪರದೇಶದ ಸಾಹುಕಾರ್ರು ಕಣಯ್ಯ," ಎಂದಿದ್ದರು ಮೇನೇಜರು. "ಪದ ಸರಿಯಾಗಿದ್ರೆ ಇವತ್ತೇ ನಿನ್ನ ಕೆಲಸ ಖಾಯಂ. ತಪ್ಪಿದ್ರೆ ಮನೆ ದಾರಿ ಹಿಡಿ."

'ಇವತ್ತು ಖಾಯಂ' ಎಂದು ಹೆಂಡತಿಗೆ ಆಗಲೇ ಹೇಳಿ ಬಂದಿದ್ದ, ಪುಣ್ಯಾತ್ಮ.

"'ಗೋ ಡೌನ್' ಹಾಕ್ಲಾ?" ಎಂದ ನಿಘಂಟು.

"ಅಯ್ಯೋ, ಅದು ಮಕ್ಕಳ ಇಂಗ್ಲಿಷು. 'ಡೈ ಡೌನ್' ಹಾಕಿ, ತೂಕವಾಗಿರತ್ತೆ," ಎಂದರು ಟೈಪಿಸ್ಟಮ್ಮ.

"ಡೈ ಅಂದ್ರೆ ಸಾವಲ್ವೇನ್ರೀ! ವ್ಯಾಪಾರದ ಪತ್ರದಲ್ಲಿ ಅಪಶಕುನ!" ಕ್ಯಾಷಿಯರ್ ಹೌಹಾರಿದ. "'ಕಟ್ ಡೌನ್' ಬರೀರಿ."

"ಹಾಗಂದ್ರೆ ಅವರೇ ಬೇಕೂಂತ ಕತ್ತರಿಸಿದ ಹಾಗೆ. ಸಾಹುಕಾರ್ರ ಮೇಲೆ ತಪ್ಪು ಹೊರಿಸ್ತೀರಾ?" ಎಂದರು ಟೈಪಿಸ್ಟಮ್ಮ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಿಘಂಟು ಕೈ ಚಾಚಿದ. ಮೇನೇಜರು ಕಣ್ಣು ಕೆಂಪಗೆ ಮಾಡಿದರು. ಇಂಗ್ಲಿಷ್ ಪತ್ರ ಬರೆಯುವಾಗ ಯಾರೂ ಫೋನು ಮುಟ್ಟಕೂಡದು, ಅದು ಆ ಆಫೀಸಿನ ಕಟ್ಟಳೆ.

"ಯಾರದೋ ಹರಕು ಕೊಡೆಯ ದೂರು ಇರತ್ತೆ, ಬಿಡು."

ಕೊಡೆಗೆ ಬಟ್ಟೆ ಹೊಲಿಯುವವರೂ ಸೂಜಿ ಬಿಟ್ಟು ಬಂದು ಸೇರಿದರು. 'ಫಾಲ್ ಆಫ್' ಎಂದರೆ ಏಣಿಯಿಂದ ಬಿದ್ದ ಹಾಗೆ ಎಂದರು ಒಬ್ಬರು. 'ಟೇಲ್ ಆಫ್' ಎಂದರೆ ಬಾಲದ ವಿಷಯ, ಸಭ್ಯರ ಮಾತೇ ಅಲ್ಲ ಎಂದರು ಇನ್ನೊಬ್ಬರು. ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ರೇಗಿಹೋದ ಕ್ಯಾಷಿಯರ್ ತನ್ನ ಕುರ್ಚಿಯ ದಿಂಬನ್ನೇ ಅದರ ಮೇಲೆ ಒತ್ತಿದ.

ಸಂಜೆಗೆ 'ಡ್ರಾಪ್ ಆಫ್' ಗೆದ್ದಿತು. ಮೇಲ್ ಕಳಿಸಿದ್ದೇ ತಡ, ಉತ್ತರ ಬಂತು. ಓದುತ್ತ ಓದುತ್ತ ನಿಘಂಟು ಬೆವೆತುಹೋದ.

"ಏನಂತೆ? ಪದ ಸರೀನಾ?"

"ಪದ ಸರೀನೇ ಸಾರ್... ಈ ಸಲ ಎರಡು ಪಟ್ಟು ಆರ್ಡರ್ ಕೊಡೋಣ ಅಂತ ಬೆಳಿಗ್ಗೆಯಿಂದ ಫೋನ್ ಮಾಡಿದ್ರಂತೆ. ಯಾರೂ ತೆಗೀಲಿಲ್ಲ, ಕಾರ್ಖಾನೆ ಮುಚ್ಚಿರಬೇಕು ಅಂತ ಬೇರೆಯವರಿಗೆ ಕೊಟ್ಬಿಟ್ರಂತೆ. ಇನ್ಮೇಲೂ ಅವರಿಗೇ ಅಂತೆ."

ಮೇನೇಜರು ನಿಘಂಟುವಿನ ಕಡೆಗೆ ಬೆರಳು ತೋರಿಸಿದರು.

"ಆರ್ಡರೇ ಇಲ್ಲ ಅಂದ್ಮೇಲೆ ಪತ್ರ ಬರೆಯೋನು ಯಾಕೆ? ನಿನ್ನನ್ನ ತೆಗೆದಿದೀವಿ ಅಂತ ನೀನೇ ಬರಿ. ಇಂಗ್ಲಿಷಲ್ಲೇ ಇರ್ಲಿ!"

ನಿಘಂಟು ಪೆನ್ನು ಹಿಡಿದ. 'ಸಿಬ್ಬಂದಿ ಕಡಿಮೆ ಮಾಡಲಾಗಿದೆ...'

"ಇದಕ್ಕೆ 'ಕಟ್ ಡೌನ್' ಹಾಕ್ರೀ, ಬೆಳಿಗ್ಗೆಯೇ ಹೇಳಿದ್ನಲ್ಲ!" ಎಂದ ಕ್ಯಾಷಿಯರ್ ಹುರುಪಿನಿಂದ.

ದಿಂಬಿನಡಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಎಲ್ಲರೂ ಒಟ್ಟಿಗೆ ಮುಗಿಬಿದ್ದರು. ಮೇನೇಜರು ಕಿವಿಗಿಟ್ಟು, ಮುಖ ಇಳಿಬಿಟ್ಟು, ನಿಘಂಟುವಿನ ಕೈಗೆ ಕೊಟ್ಟರು.

"ಏನ್ರೀ," ಎಂದಳು ಹೆಂಡತಿ, "ಖಾಯಂ ಆಯ್ತಾ?"