ಶುಂಠಿ ಹೊಲದ ದಾರಿ ಮತ್ತು ನಮ್ಮ ಕಂಪ್ಯೂಟರು

ಜಿಲ್ಲೆಯ ಜಮೀನು ನಕ್ಷೆಗಳೆಲ್ಲ ಹಾಸನದ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿವೆ. ನೋಡಿಕೊಳ್ಳುವವಳು ನಾನು. ವಾರಕ್ಕೊಂದು ಎಡವಟ್ಟು ಆಗದಿದ್ದರೆ, ಕಂಪ್ಯೂಟರಿಗೆ ಮೈ ಹುಷಾರಿಲ್ಲವೇನೋ ಅಂತ ನನಗೇ ಗಾಬರಿ.

೧. ವಿಚಾರಣೆ

ಅರಕಲಗೂಡು ಕಡೆಯ ಶುಂಠಿ ರೈತರೊಬ್ಬರು ಬಂದರು. ಅವರ ಹೊಲದ ದಾರಿಗೆ ಪಕ್ಕದವನು ಬೇಲಿ ಹಾಕಿದ್ದಾನೆ. ಶುಂಠಿ ಕಿತ್ತರೂ ಹೊರಗೆ ತರುವಂತಿಲ್ಲ. ನಕ್ಷೆಯಲ್ಲಿ ದಾರಿ ತೋರಿಸಿದರೆ ಬೇಲಿ ತೆಗೆಸಬಹುದು.

ಹೊಲದ ಅಕ್ಕಪಕ್ಕ ಏನಿದೆ ಎಂದು ಕಂಪ್ಯೂಟರನ್ನು ಕೇಳಿದೆ. ಯಾವ ಜಮೀನು ಯಾವ ಮೂಲೆಯಲ್ಲಿದೆ ಎಂದು ಹೇಳುವ ಸ್ಪೇಷಿಯಲ್ ಇಂಡೆಕ್ಸ್ ಇದ್ದಿದ್ದರೆ ಕ್ಷಣದ ಕೆಲಸ. ಅದನ್ನು ನಮ್ಮ ಸಾಹೇಬರು ಹಿಂದಿನ ದಿನವಷ್ಟೇ "ಸುಮ್ಮನೆ ಜಾಗ ತಿನ್ನುತ್ತೆ" ಎಂದು ಅಳಿಸಿಹಾಕಿದ್ದರು. ಪಾಪ, ಕಂಪ್ಯೂಟರು ಚನ್ನರಾಯಪಟ್ಟಣದ ಒಂದೊಂದು ತೆಂಗಿನ ತೋಟವನ್ನೂ ವಿಚಾರಿಸುತ್ತಾ ಹೊರಟಿತು.

ರೈತರು ಊಟ ಮುಗಿಸಿ ಬಂದರು. "ಎಲ್ಲಿಗ್ ಬಂತವ್ವಾ?"

"ಈಗ ಕಟ್ಟಾಯ ಹೋಬಳಿ ದಾಟಿದೆ."

"ಬಸ್ಸಾಗ್ ಓಗಿದ್ರೆ ಇಷ್ಟೊತ್ಗೆ ಊರ್ ಸೇರ್ತಿತ್ತು ಬುಡಿ."

೨. ಸುತ್ತೋಲೆ

ಮರುವಾರದೊಳಗೆ ಇಂಡೆಕ್ಸ್ ಮತ್ತೆ ಕಟ್ಟಿದೆ, ನಕ್ಷೆ ಸಿಕ್ಕಿತು. ಆದರೆ ಹಾಸನದ ತಂತ್ರಾಂಶ ಹೊಸ ಆವೃತ್ತಿ, ಮೊಹರು ಹಾಕಬೇಕಾದ ಅರಕಲಗೂಡು ತಾಲ್ಲೂಕು ಕಚೇರಿಯದು ಹಳೆಯದು. ನಾವು ಕಳಿಸಿದ್ದನ್ನು ಅದು ತೆರೆಯಲೇ ಇಲ್ಲ.

"ಆವೃತ್ತಿ ಹೊಂದುತ್ತಿಲ್ಲ ಸರ್" ಎಂದೆ.

ಸಾಹೇಬರು ಗಂಭೀರವಾಗಿ ಸುತ್ತೋಲೆ ಹೊರಡಿಸಿದರು: ಜಿಲ್ಲೆಯ ಎಲ್ಲ ಆವೃತ್ತಿಗಳನ್ನೂ ಒಂದೇ ಎಂದು ಪರಿಗಣಿಸತಕ್ಕದ್ದು. ಹೊಳೆನರಸೀಪುರ ಕಚೇರಿಯವರು ವಿಧೇಯರು, ಅದನ್ನು ಕಂಪ್ಯೂಟರಿನ ಹಣೆಗೇ ಅಂಟಿಸಿದರಂತೆ. ಅದು ಇನ್ನೂ ಓದಿ ಸಹಿ ಮಾಡಿಲ್ಲ.

೩. ವಲಸೆ

ಕೊನೆಗೆ ನಾನೇ ಅರಕಲಗೂಡಿಗೆ ಹೋಗಿ ಹೊಸ ಆವೃತ್ತಿ ಹಾಕಿದೆ. ರೈತರೂ ಬಂದರು. ಶುಂಠಿ ನೆಲದಲ್ಲೇ ಕೊಳೆಯುತ್ತಿದೆ ಎಂದಾಗ ಅವರ ಮುಖ ನೋಡಲಾಗಲಿಲ್ಲ, ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ಕಚೇರಿಯಲ್ಲಿದ್ದ ತಾಲ್ಲೂಕಿನ ನಕ್ಷೆ ತೆರೆದೆ. ಹಳೆಯ ಆವೃತ್ತಿ ರೇಖಾಂಶವನ್ನು ಮೊದಲು ಓದುತ್ತಿತ್ತು, ಹೊಸದು ಅಕ್ಷಾಂಶವನ್ನು. ಎರಡೂ ಅದಲುಬದಲಾಗಿ ಇಡೀ ತಾಲ್ಲೂಕು ಉತ್ತರ ಧ್ರುವದ ಹತ್ತಿರ ಮಂಜಿನ ಸಮುದ್ರದಲ್ಲಿ ತೇಲುತ್ತಿತ್ತು.

"ನಿಮ್ಮ ಹೊಲ ಸಮುದ್ರದಲ್ಲಿದೆ, ಯಜಮಾನರೇ" ಎಂದೆ ಮೆಲ್ಲಗೆ.

ಅವರು ಕನ್ನಡಕ ಏರಿಸಿ ನೋಡಿದರು. "ಈ ಪಕ್ಕದ್ದು ಯಾರ್ದು?"

"ನಿಮ್ಮ ಪಕ್ಕದವರದೇ."

"ಆ ನನ್ಮಗ ಅಲ್ಲಿಗೂ ಬಂದ್ಬುಟ್ನಾ! ನಡುವೆ ಈ ಗೆರೆ?"

"ದಾರಿ."

ರೈತರ ಮುಖ ಅರಳಿತು. "ಐತಲ್ಲವ್ವಾ ದಾರಿ! ಸಮುದ್ರನಾದ್ರೂ ಇರ್ಲಿ, ಮಂಜಾದ್ರೂ ಇರ್ಲಿ, ಮೊಹರ್ ಒತ್ಸ್ಕೊಡಿ. ಮೊದ್ಲು ಬೇಲಿ ಕೀಳುಸ್ತೀನಿ. ಊರ್ನ ವಾಪಸ್ ನೀವ್ ನಿದಾನಕ್ ತಗಂಬನ್ನಿ!"